ಸ್ಟೀಲ್ ಟಿಪ್ ಡಾರ್ಟ್ಸ್: ಭಾರ, ಬೆಲೆ ಹೆಚ್ಚಿದ್ದಷ್ಟೂ ಗುರಿ ಸರಿಯಾಗುತ್ತದೆಯೇ?

‘ಭಾರ ಇರೋ ಡಾರ್ಟ್ ತಗೊಳ್ಳಿ, ಗುರಿ ತಪ್ಪೋದೇ ಇಲ್ಲ’, ‘95 ಪರ್ಸೆಂಟ್ ಟಂಗ್‌ಸ್ಟನ್ ಇದ್ದರೆ ಮಾತ್ರ ಒರಿಜಿನಲ್’, ‘ಬೋರ್ಡ್‌ಗೆ ವಾರಕ್ಕೊಮ್ಮೆ ನೀರು ಚಿಮುಕಿಸಿ’. ಡಾರ್ಟ್ಸ್ ಕೊಳ್ಳಲು ಹೊರಟವರಿಗೆ ಇಂಥ ಸಲಹೆಗಳಿಗೆ ಬರವಿಲ್ಲ. ಇಂಗ್ಲೆಂಡಿನ ಪಬ್‌ಗಳಲ್ಲಿ ಬೆಳೆದ ಈ ಆಟದಲ್ಲಿ 2025ರ ಜನವರಿಯಲ್ಲಿ ಲ್ಯೂಕ್ ಲಿಟ್ಲರ್ ಎಂಬ 17 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಆ ವಿಡಿಯೋ ತುಣುಕುಗಳನ್ನು ನೋಡಿ ‘ನಮ್ಮ ಮನೆಗೂ ಒಂದು ಬೋರ್ಡ್ ತರೋಣ’ ಎಂದುಕೊಂಡವರು ನಿಮ್ಮಲ್ಲೂ ಇರಬಹುದು.

ಹಾಗಾದರೆ ಈ ಸಲಹೆಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು? ಮಕ್ಕಳಿರುವ ಮನೆಯಲ್ಲಿ ಉಕ್ಕಿನ ಮೊನೆಯ ಡಾರ್ಟ್ ಇಡಬಹುದೇ? ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಎಲ್ಲರಿಗೂ ಸರಿಹೊಂದುವ ಡಾರ್ಟ್ ಎಂಬುದು ಇಲ್ಲ. ಯಾವ ಡಾರ್ಟ್‌ನಿಂದ ನಿಮ್ಮ ಕೈ ಪ್ರತಿ ಸಲವೂ ಒಂದೇ ರೀತಿ ಎಸೆಯುತ್ತದೋ ಅದೇ ನಿಮಗೆ ಸರಿಯಾದದ್ದು. ಅದನ್ನು ಬೆಲೆ ನೋಡಿ ಹೇಳಲಾಗದು. ಎಸೆದು, ಅಳೆದು ನೋಡಿಯೇ ತಿಳಿಯಬೇಕು. ಅಳೆಯುವ ಸುಲಭ ವಿಧಾನವನ್ನು ಮುಂದೆ ಕೊಟ್ಟಿದ್ದೇವೆ.

ಡಾರ್ಟ್‌ನಲ್ಲಿ ಏನೇನಿದೆ?

ಒಂದು ಡಾರ್ಟ್‌ನಲ್ಲಿ ನಾಲ್ಕು ಭಾಗ. ಬೋರ್ಡ್‌ಗೆ ಚುಚ್ಚಿಕೊಳ್ಳುವ ಉಕ್ಕಿನ ಮೊನೆ. ಬೆರಳುಗಳು ಹಿಡಿಯುವ ಲೋಹದ ಬ್ಯಾರೆಲ್. ಅದರ ಹಿಂದೆ ತಿರುಪಿ ಕೂರಿಸುವ ಕಡ್ಡಿ, ಅಂದರೆ ಶಾಫ್ಟ್. ಕೊನೆಯಲ್ಲಿ ನಾಲ್ಕು ರೆಕ್ಕೆಗಳ ಫ್ಲೈಟ್. ತೂಕದ ಬಹುಪಾಲು ಇರುವುದು ಬ್ಯಾರೆಲ್‌ನಲ್ಲೇ. ಶಾಫ್ಟ್ ಮತ್ತು ಫ್ಲೈಟ್ ಅಗ್ಗ, ಬೇಕೆಂದಾಗ ಬದಲಾಯಿಸಬಹುದು.

ಸಾಫ್ಟ್ ಟಿಪ್ ಡಾರ್ಟ್ ಬೇರೆ ಬಗೆಯದು. ಅದರ ಮೊನೆ ಪ್ಲಾಸ್ಟಿಕ್, ಆಡುವುದು ತೂತುಗಳಿರುವ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ. ಉಕ್ಕಿನ ಮೊನೆಯ ಡಾರ್ಟನ್ನು ಆ ಬೋರ್ಡ್‌ಗೆ ಎಸೆದರೆ ಬೋರ್ಡ್ ಹಾಳಾಗುತ್ತದೆ, ಡಾರ್ಟ್ ಪುಟಿದು ವಾಪಸ್ ಬರುತ್ತದೆ. ಹಾಗಾಗಿ ಮೊದಲು ಬೋರ್ಡ್ ಯಾವುದೆಂದು ನಿರ್ಧರಿಸಿ, ಆಮೇಲೆ ಡಾರ್ಟ್ ಕೊಳ್ಳಿ.

ಸ್ಟೀಲ್ ಟಿಪ್ ಆಟದ ಅಳತೆಗಳು ಹೀಗಿವೆ: ನೆಲದಿಂದ ಬೋರ್ಡ್‌ನ ನಡುಬಿಂದುವಿಗೆ, ಅಂದರೆ ಬುಲ್‌ಗೆ, 1.73 ಮೀಟರ್ ಎತ್ತರ. ಬೋರ್ಡ್‌ನ ಮುಖದಿಂದ ನಿಲ್ಲುವ ಗೆರೆಗೆ 2.37 ಮೀಟರ್ ದೂರ. ಗೋಡೆಯಿಂದಲ್ಲ, ಬೋರ್ಡ್‌ನ ಮುಖದಿಂದಲೇ ಅಳೆಯಬೇಕು.

ನಂಬಿಕೆ 1: ಭಾರದ ಡಾರ್ಟ್ ಬೇಗ ಕೆಳಗೆ ಬೀಳುತ್ತದೆ, ಹಗುರದ್ದು ನೇರ ಹೋಗುತ್ತದೆ

ವಾಸ್ತವ: ಗುರುತ್ವ ತೂಕ ನೋಡಿ ಎಳೆಯುವುದಿಲ್ಲ. 18 ಗ್ರಾಂ ಡಾರ್ಟ್ ಆಗಲಿ, 28 ಗ್ರಾಂ ಡಾರ್ಟ್ ಆಗಲಿ, ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಹೊರಟರೆ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ತಲುಪುತ್ತವೆ. ಗಾಳಿಯ ತಡೆಯಿಂದ ಆಗುವ ವ್ಯತ್ಯಾಸ ಇಷ್ಟು ಕಡಿಮೆ ದೂರದಲ್ಲಿ ತೀರಾ ಚಿಕ್ಕದು.

ಹಾಗಾದರೆ ತೂಕ ಬದಲಾದಾಗ ಡಾರ್ಟ್ ಬೇರೆ ಕಡೆ ಬೀಳುವುದು ಯಾಕೆ? ಬದಲಾಗುವುದು ನಿಮ್ಮ ಕೈ ಕೊಡುವ ವೇಗ. ಒಂದು ಸಣ್ಣ ಲೆಕ್ಕ ಮಾಡೋಣ. ಕೈಯಿಂದ ಬಿಟ್ಟ ಡಾರ್ಟ್ ಸುಮಾರು 2 ಮೀಟರ್ ಹಾರುತ್ತದೆ ಎಂದುಕೊಳ್ಳಿ. ಅದು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಅಡ್ಡವಾಗಿ ಹೊರಟರೆ ಬೋರ್ಡ್ ತಲುಪುವಷ್ಟರಲ್ಲಿ ಸುಮಾರು 54 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಎಲ್ಲ ಆಟಗಾರರೂ ಸ್ವಲ್ಪ ಮೇಲ್ಮುಖವಾಗಿ ಎಸೆಯುವುದು ಇದಕ್ಕೇ. ಈಗ ವೇಗ ಸೆಕೆಂಡಿಗೆ 5.5 ಮೀಟರ್ ಆಯಿತೆಂದುಕೊಳ್ಳಿ. ಇಳಿತ ಸುಮಾರು 65 ಸೆಂಟಿಮೀಟರ್ ಆಗುತ್ತದೆ. ಅಂದರೆ ಅರ್ಧ ಮೀಟರ್ ವೇಗ ತಗ್ಗಿದ್ದಕ್ಕೆ 10 ಸೆಂಟಿಮೀಟರ್ ವ್ಯತ್ಯಾಸ!

ಬೋರ್ಡ್‌ನಲ್ಲಿ ಬುಲ್‌ನಿಂದ ಮೇಲಿರುವ 20ರ ಟ್ರಿಬಲ್‌ಗೆ ಇರುವ ದೂರವೂ ಹತ್ತಿರಹತ್ತಿರ ಅಷ್ಟೇ, ಸುಮಾರು 10 ಸೆಂಟಿಮೀಟರ್. ಟ್ರಿಬಲ್‌ಗೆ ಗುರಿಯಿಟ್ಟದ್ದು ಬುಲ್ ಹತ್ತಿರ ಹೋಗಿ ನಾಟಲು ಇಷ್ಟು ಸಾಕು.

ಇದರಿಂದ ತಿಳಿಯುವುದೇನು? ಡಾರ್ಟ್ಸ್‌ನಲ್ಲಿ ಜೋರಾಗಿ ಎಸೆಯುವುದು ದೊಡ್ಡ ಮಾತಲ್ಲ. ಪ್ರತಿ ಸಲವೂ ಅದೇ ವೇಗದಲ್ಲಿ ಎಸೆಯುವುದೇ ದೊಡ್ಡ ಮಾತು. ಡಾರ್ಟ್ ತೀರಾ ಹಗುರವಿದ್ದರೆ ಕೈಗೆ ಅದರ ಇರುವು ಗೊತ್ತಾಗದೆ ಎಳೆದು ಬಿಸಾಡುತ್ತೇವೆ. ತೀರಾ ಭಾರವಿದ್ದರೆ ಅರ್ಧ ಗಂಟೆಯಲ್ಲಿ ತೋಳು ಸೋತು ಎಸೆತ ಕುಸಿಯುತ್ತದೆ. ಇವೆರಡರ ನಡುವೆ ನಿಮ್ಮ ಕೈಗೆ ಒಗ್ಗುವ ತೂಕ ಎಲ್ಲೋ ಇರುತ್ತದೆ.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಸ್ಟೀಲ್ ಟಿಪ್ ಡಾರ್ಟ್‌ಗಳ ತೂಕ 18ರಿಂದ 30 ಗ್ರಾಂ ಒಳಗಿರುತ್ತದೆ. ಸ್ಪರ್ಧೆಗಳ ಗರಿಷ್ಠ ಮಿತಿ 50 ಗ್ರಾಂ ಆಗಿದ್ದರೂ ಅಷ್ಟು ಭಾರದ್ದರಲ್ಲಿ ಆಡುವವರನ್ನು ಕಾಣುವುದು ಕಷ್ಟ. ಹೊಸಬರು 22ರಿಂದ 24 ಗ್ರಾಂನಲ್ಲಿ ಶುರು ಮಾಡುವುದು ಒಳ್ಳೆಯದು. ಅಲ್ಲಿಂದ ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ಎಂದು ಆಡುತ್ತಾ ಗೊತ್ತಾಗುತ್ತದೆ.

ನಂಬಿಕೆ 2: ಟಂಗ್‌ಸ್ಟನ್ ಹೆಚ್ಚಿದ್ದಷ್ಟೂ ಡಾರ್ಟ್ ನೇರ ಹಾರುತ್ತದೆ

ವಾಸ್ತವ: ಟಂಗ್‌ಸ್ಟನ್‌ಗೆ ಗುರಿ ಹಿಡಿಯುವ ಶಕ್ತಿಯೇನೂ ಇಲ್ಲ. ಅದು ಮಾಡುವ ಕೆಲಸ ಒಂದೇ, ಬ್ಯಾರೆಲ್ ಅನ್ನು ತೆಳ್ಳಗಾಗಿಸುವುದು.

ಹಳೆಯ ಕಾಲದ ಬಲ್ಬ್‌ನಲ್ಲಿ ಉರಿಯುವ ತಂತಿ ಟಂಗ್‌ಸ್ಟನ್ನಿನದ್ದು. ಅದು ಬಹಳ ಸಾಂದ್ರ ಲೋಹ. ಒಂದು ಘನ ಸೆಂಟಿಮೀಟರ್ ಟಂಗ್‌ಸ್ಟನ್ 19.3 ಗ್ರಾಂ ತೂಗುತ್ತದೆ. ಹಿತ್ತಾಳೆ ತೂಗುವುದು ಸುಮಾರು 8.5 ಗ್ರಾಂ ಮಾತ್ರ. ಶುದ್ಧ ಟಂಗ್‌ಸ್ಟನ್ ಪೆಡಸು, ಸೀಳಬಹುದು. ಹಾಗಾಗಿ ನಿಕ್ಕಲ್‌ನಂಥ ಲೋಹಗಳನ್ನು ಬೆರೆಸುತ್ತಾರೆ. ಪೊಟ್ಟಣದ ಮೇಲಿನ 80, 90, 95 ಎಂಬ ಶೇಕಡಾ ಅಂಕಿಗಳು ಈ ಬೆರಕೆಯಲ್ಲಿ ಟಂಗ್‌ಸ್ಟನ್ ಪಾಲು ಎಷ್ಟೆಂದು ಹೇಳುತ್ತವೆ.

5 ಸೆಂಟಿಮೀಟರ್ ಉದ್ದದ, 24 ಗ್ರಾಂ ತೂಕದ ಗಟ್ಟಿ ಕಡ್ಡಿಯೊಂದನ್ನು ಊಹಿಸಿಕೊಳ್ಳಿ. ಹಿತ್ತಾಳೆಯಲ್ಲಾದರೆ ಅದರ ದಪ್ಪ ಸುಮಾರು 8.5 ಮಿಲಿಮೀಟರ್. 90 ಶೇಕಡಾ ಟಂಗ್‌ಸ್ಟನ್ನಿನಲ್ಲಾದರೆ ಸುಮಾರು 6 ಮಿಲಿಮೀಟರ್.

ಈ ಎರಡೂವರೆ ಮಿಲಿಮೀಟರ್ ಯಾರಿಗೆ ಮುಖ್ಯ? 20ರ ಟ್ರಿಬಲ್ ಮನೆಯ ಎತ್ತರ 8 ಮಿಲಿಮೀಟರ್, ಅಗಲ 3 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅಷ್ಟು ಜಾಗದಲ್ಲಿ ಮೂರು ಡಾರ್ಟ್ ಕೂರಿಸಿದರೆ 180 ಅಂಕ. ಎರಡು ದಪ್ಪ ಡಾರ್ಟ್ ಕೂತ ಮೇಲೆ ಮೂರನೆಯದಕ್ಕೆ ದಾರಿ ಇರುವುದಿಲ್ಲ, ತೆಳ್ಳಗಿನವಾದರೆ ಇರುತ್ತದೆ. ಆ ಮನೆಗೆ ಪದೇ ಪದೇ ಎರಡು ಡಾರ್ಟ್ ಹಾಕುವ ಆಟಗಾರರಿಗೆ ಟಂಗ್‌ಸ್ಟನ್ ನಿಜಕ್ಕೂ ಲಾಭ. ಇನ್ನೂ 20ಕ್ಕೆ ಎಸೆದದ್ದು 5ಕ್ಕೋ 1ಕ್ಕೋ ಹೋಗುತ್ತಿರುವವರಿಗೆ ಆ ಲಾಭ ಸಿಗುವ ಸಂದರ್ಭವೇ ಬರುವುದಿಲ್ಲ.

ನಮ್ಮ ಸಲಹೆ: ಆಟ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಹಿತ್ತಾಳೆ ಸಾಕು. ವಾರಕ್ಕೆ ನಾಲ್ಕು ದಿನ ಆಡುವವರು 80 ಅಥವಾ 90 ಶೇಕಡಾ ಟಂಗ್‌ಸ್ಟನ್ ಕೊಳ್ಳಲಿ. 90ರಿಂದ 95ಕ್ಕೆ ಹೋಗುವಾಗ ಬೆಲೆ ಏರುವಷ್ಟು ದಪ್ಪ ಇಳಿಯುವುದಿಲ್ಲ.

ಬ್ಯಾರೆಲ್ ಆಕಾರ: ಬೆರಳು ಎಲ್ಲಿ ಕೂರುತ್ತದೆ?

ಬ್ಯಾರೆಲ್ ಉದ್ದಕ್ಕೂ ಒಂದೇ ದಪ್ಪ ಇರುವುದು ಒಂದು ಬಗೆ. ಮುಂದೆ ದಪ್ಪಗಾಗಿ ಹಿಂದೆ ಸಣಕಲಾಗುವುದು ಇನ್ನೊಂದು. ಮಧ್ಯೆ ಉಬ್ಬಿದ್ದು ಮತ್ತೊಂದು. ಇವುಗಳಲ್ಲಿ ಮೇಲು ಕೀಳಿಲ್ಲ. ನಿಮ್ಮ ಬೆರಳು ತಾನಾಗಿ ಕೂರುವ ಜಾಗದ ಹತ್ತಿರವೇ ಡಾರ್ಟ್‌ನ ತೂಕದ ನಡುಬಿಂದು ಇದ್ದರೆ ಹಿಡಿಯುವುದು ಸುಲಭ.

ನಡುಬಿಂದು ಹುಡುಕುವುದು ಹೀಗೆ: ಡಾರ್ಟನ್ನು ಅಡ್ಡಲಾಗಿ ತೋರುಬೆರಳ ಮೇಲಿಟ್ಟು ಬೀಳದೆ ನಿಲ್ಲುವ ಜಾಗ ನೋಡಿ. ಆಮೇಲೆ ಯೋಚಿಸದೆ ಎಸೆಯುವಂತೆ ಹಿಡಿಯಿರಿ. ಬೆರಳುಗಳು ಆ ಜಾಗದ ಅಕ್ಕಪಕ್ಕದಲ್ಲಿದ್ದರೆ ಸರಿ. ತುಂಬಾ ಹಿಂದೆ ಇದ್ದರೆ ಮೂತಿ ಕೆಳಗೆ ಜಗ್ಗುತ್ತದೆ.

ಇನ್ನು ಮೇಲ್ಮೈ ಗೀರುಗಳು. ಕೈ ಬೆವರುವವರಿಗೆ ಆಳವಾದ ಗೀರುಗಳಿರುವ ಒರಟು ಬ್ಯಾರೆಲ್ ಜಾರದೆ ನಿಲ್ಲುತ್ತದೆ. ಕೈ ಒಣಗಿರುವವರಿಗೆ ಅದೇ ಒರಟುತನ ಬೆರಳಿಗೆ ಅಂಟಿಕೊಂಡು ಬಿಡುವಾಗ ತಡವಾಗಬಹುದು. ಅವರಿಗೆ ನುಣುಪಾದದ್ದು ಹಿತ. ಆನ್‌ಲೈನ್ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ, ಸಾಧ್ಯವಾದರೆ ಗೆಳೆಯರದ್ದೋ ಕ್ಲಬ್ಬಿನದ್ದೋ ಹಿಡಿದು ನೋಡಿ.

ಇನ್ನೊಂದು ವಿಷಯ: ಪೊಟ್ಟಣದ ಮೇಲಿನ ತೂಕದಲ್ಲಿ ಸಾಮಾನ್ಯವಾಗಿ ಶಾಫ್ಟ್ ಮತ್ತು ಫ್ಲೈಟ್ ಸೇರಿರುವುದಿಲ್ಲ. ಅವು ಸೇರಿದರೆ ಒಂದೆರಡು ಗ್ರಾಂ ಹೆಚ್ಚಾಗುತ್ತದೆ. ಅಗ್ಗದ ಸೆಟ್‌ಗಳಲ್ಲಿ ಮೂರು ಡಾರ್ಟ್‌ಗಳ ತೂಕವೂ ಒಂದೇ ಇರದಿರಬಹುದು. ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ನೋಡಿ. ಎದ್ದು ಕಾಣುವ ವ್ಯತ್ಯಾಸವಿದ್ದರೆ ವಾಪಸ್ ಕೊಡಿ.

ಶಾಫ್ಟ್ ಮತ್ತು ಫ್ಲೈಟ್: ಕಡಿಮೆ ಖರ್ಚು, ಹೆಚ್ಚು ಪರಿಣಾಮ

ಫ್ಲೈಟ್‌ನ ಕೆಲಸ ಡಾರ್ಟ್‌ಗೆ ವೇಗ ಕೊಡುವುದಲ್ಲ. ಬಾಲವನ್ನು ಹಿಂದಕ್ಕೆ ಹಿಡಿದು ಮೂತಿಯನ್ನು ಮುಂದಿಡುವುದು. ಗಾಳಿಪಟದ ಬಾಲಂಗೋಚಿ ಪಟವನ್ನು ಓಲಾಡದಂತೆ ಹಿಡಿಯುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಕೈಯಿಂದ ಬಿಡುವಾಗ ಡಾರ್ಟ್ ಸ್ವಲ್ಪ ವಾಲಿದ್ದರೂ ಗಾಳಿ ಹಿಂದಿನ ರೆಕ್ಕೆಗಳನ್ನು ತಳ್ಳಿ ನೇರ ಮಾಡುತ್ತದೆ.

- ಅಗಲ ರೆಕ್ಕೆ: ತಡೆ ಹೆಚ್ಚು, ತಪ್ಪನ್ನು ಬೇಗ ತಿದ್ದುತ್ತದೆ. ನಿಧಾನವಾಗಿ ಎಸೆಯುವವರಿಗೆ, ಹೊಸಬರಿಗೆ ಸೂಕ್ತ.
- ಕಿರಿದಾದ ರೆಕ್ಕೆ: ತಡೆ ಕಡಿಮೆ, ಬೋರ್ಡ್‌ನಲ್ಲಿ ಜಾಗವೂ ಕಡಿಮೆ ಸಾಕು. ವೇಗವಾಗಿ, ಒಂದೇ ಸಮನೆ ಎಸೆಯುವವರಿಗೆ ಸೂಕ್ತ.
- ಉದ್ದ ಶಾಫ್ಟ್: ರೆಕ್ಕೆ ಹಿಂದೆ ಹೋಗುವುದರಿಂದ ಸ್ಥಿರತೆ ಹೆಚ್ಚು, ಆದರೆ ತೂಕದ ನಡುಬಿಂದುವೂ ಸ್ವಲ್ಪ ಹಿಂದೆ ಸರಿಯುತ್ತದೆ.
- ಗಿಡ್ಡ ಶಾಫ್ಟ್: ತೂಕ ಮುಂದಿರುತ್ತದೆ, ಆದರೆ ಎಸೆತದ ತಪ್ಪು ಅಷ್ಟು ಬೇಗ ತಿದ್ದಿಕೊಳ್ಳುವುದಿಲ್ಲ.

ಡಾರ್ಟ್ ಗಾಳಿಯಲ್ಲಿ ಬಾಲ ಆಡಿಸುತ್ತಾ ಹೋಗುತ್ತಿದ್ದರೆ ಹೊಸ ಸೆಟ್ ಕೊಳ್ಳಬೇಡಿ. ಮೊದಲು ಮಧ್ಯಮ ಶಾಫ್ಟ್‌ಗೆ ಅಗಲ ರೆಕ್ಕೆ ಹಾಕಿ ನೋಡಿ. ಹರಿದ, ಮಡಚಿದ ರೆಕ್ಕೆ ಬದಲಾಯಿಸಿ. ಆಡುತ್ತಾ ಆಡುತ್ತಾ ಶಾಫ್ಟ್ ಸಡಿಲವಾಗುವುದು ಮಾಮೂಲು, ಆಗಾಗ ತಿರುಗಿಸಿ ಬಿಗಿ ಮಾಡಿ.

ನಂಬಿಕೆ 3: ಮೊನೆ ಸೂಜಿಯಷ್ಟು ಚೂಪಾಗಿರಬೇಕು

ವಾಸ್ತವ: ಅತಿ ಚೂಪಾದ ಮೊನೆ ಬೋರ್ಡ್‌ನ ತಂತಿಗೆ ತಾಗಿದಾಗ ಬೇಗ ಬಾಗಿ ಕೊಕ್ಕೆಯಂತಾಗುತ್ತದೆ. ಆ ಕೊಕ್ಕೆ ಡಾರ್ಟ್ ಕೀಳುವಾಗ ಬೋರ್ಡ್‌ನ ನಾರನ್ನು ಎಳೆದು ಹರಿಯುತ್ತದೆ. ಕೀಳುವ ಕೈಬೆರಳನ್ನೂ ಗೀರುತ್ತದೆ. ಪೂರ್ತಿ ಮೊಂಡಾದರೆ ಡಾರ್ಟ್ ನಾಟದೆ ಪುಟಿಯುತ್ತದೆ. ತುದಿ ಚೂಪಾಗಿದ್ದು, ಕೊನೆ ಚೂರು ಗುಂಡಗಿರುವುದು ಸರಿಯಾದ ಸ್ಥಿತಿ. ತಿಂಗಳಿಗೊಮ್ಮೆ ಬೆರಳಲ್ಲಲ್ಲ, ಹತ್ತಿಯ ಮೇಲೆ ಎಳೆದು ಪರೀಕ್ಷಿಸಿ. ಎಳೆ ಸಿಕ್ಕಿಕೊಂಡರೆ ಸಾಣೆಕಲ್ಲಿನ ಮೇಲೆ ತಿರುಗಿಸುತ್ತಾ ಹಗುರವಾಗಿ ಉಜ್ಜಿ.

ನಂಬಿಕೆ 4: ಬೋರ್ಡ್‌ಗೆ ನೀರು ಹಾಕಿದರೆ ಬಾಳಿಕೆ ಬರುತ್ತದೆ

ವಾಸ್ತವ: ಇದು ಹಳೆಯ ಕಾಲದ ಮರದ ಬೋರ್ಡ್‌ಗೆ ಸಂಬಂಧಿಸಿದ ಮಾತು. ಇಂಗ್ಲೆಂಡಿನಲ್ಲಿ ಎಲ್ಮ್ ಮರದ ಬೋರ್ಡ್‌ಗಳನ್ನು ನೀರಿನಲ್ಲಿ ನೆನೆಸಿಡುತ್ತಿದ್ದರು, ಇಲ್ಲವಾದರೆ ಒಣಗಿ ಬಿರುಕು ಬಿಡುತ್ತಿದ್ದವು. 1930ರ ದಶಕದಲ್ಲಿ ಸೈಸಲ್ ನಾರಿನ ಬೋರ್ಡ್ ಬಂದ ಮೇಲೆ ಈ ಕಥೆ ಮುಗಿಯಿತು.

‘ಬ್ರಿಸಲ್ ಬೋರ್ಡ್’ ಎಂಬ ಹೆಸರು ಕೇಳಿ ಅದನ್ನು ಹಂದಿಯ ಕೂದಲಿನಿಂದ ಮಾಡುತ್ತಾರೆ ಎಂದುಕೊಳ್ಳುವವರಿದ್ದಾರೆ. ಅಲ್ಲ, ಸೈಸಲ್ ಎಂಬುದು ಒಂದು ಜಾತಿಯ ಕತ್ತಾಳೆ. ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ, ಹಗ್ಗ ಹೊಸೆಯಲು ನಾರು ಕೊಡುವ ಕತ್ತಾಳೆಯ ಬಳಗದ್ದೇ. ಆ ನಾರುಗಳನ್ನು ಒತ್ತಾಗಿ ಅಡಕಿ ತುದಿ ಮುಂದೆ ಬರುವಂತೆ ಕತ್ತರಿಸಿರುತ್ತಾರೆ. ಮೊನೆ ನಾರುಗಳನ್ನು ಸೀಳದೆ ಅವುಗಳ ನಡುವೆ ನುಗ್ಗುತ್ತದೆ, ಕಿತ್ತ ಮೇಲೆ ನಾರುಗಳು ಮತ್ತೆ ಕೂಡಿಕೊಳ್ಳುತ್ತವೆ. ಇದಕ್ಕೆ ನೀರು ಹಾಕಿದರೆ ನಾರು ಉಬ್ಬಿ ಬೋರ್ಡ್ ಹಾಳಾಗುತ್ತದೆ.

ಬಾಳಿಕೆ ಬರಬೇಕಾದರೆ ಬೋರ್ಡನ್ನು ಆಗಾಗ ತಿರುಗಿಸಿ, ಅಂಕಿಗಳ ಉಂಗುರವನ್ನು ಮತ್ತೆ ಸರಿಯಾಗಿ ಕೂರಿಸಿ. ಆಗ ಒಂದೇ ಜಾಗ ಸವೆಯುವುದಿಲ್ಲ. ಕಾಗದ ಸುತ್ತಿ ಮಾಡಿದ ಆಟಿಕೆ ಬೋರ್ಡ್‌ನಲ್ಲಿ ಸ್ಟೀಲ್ ಟಿಪ್ ಸರಿಯಾಗಿ ನಿಲ್ಲುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಡಾರ್ಟ್ ಅಗ್ಗದ್ದು ತನ್ನಿ, ಬೋರ್ಡ್ ಸೈಸಲ್‌ನದ್ದೇ ಇರಲಿ.

ನಂಬಿಕೆ 5: ಚಾಂಪಿಯನ್ ಬಳಸುವ ಡಾರ್ಟ್ ಕೊಂಡರೆ ಆಟ ಸುಧಾರಿಸುತ್ತದೆ

ವಾಸ್ತವ: ಲಿಟ್ಲರ್ ಆಡುವುದು ಸುಮಾರು 23 ಗ್ರಾಂ ಡಾರ್ಟ್‌ನಲ್ಲಿ. ಅದೇನೂ ರಹಸ್ಯ ಆಯುಧವಲ್ಲ, ಎಲ್ಲ ಅಂಗಡಿಗಳಲ್ಲೂ ಸಿಗುವ ಮಧ್ಯಮ ತೂಕ. ಇನ್ನೊಂದು ಕಡೆ 2020 ಮತ್ತು 2022ರ ವಿಶ್ವ ಚಾಂಪಿಯನ್ ಪೀಟರ್ ರೈಟ್ ಡಾರ್ಟ್ ಬದಲಾಯಿಸುತ್ತಲೇ ಇರುವುದಕ್ಕೆ ಹೆಸರಾದವರು. ಒಂದೇ ಡಾರ್ಟ್‌ನಿಂದ ಗೆಲುವು ಬರುವುದಾಗಿದ್ದರೆ ಅವರೇಕೆ ಹುಡುಕುತ್ತಿದ್ದರು?

ಹೊಸ ಡಾರ್ಟ್ ತಂದ ಮೊದಲ ವಾರ ಅಂಕ ಏರುವುದು ಹಲವರ ಅನುಭವ. ಹೊಸತು ಎಂದು ಗಮನ ಕೊಟ್ಟು ಆಡುತ್ತೇವೆ, ಹೆಚ್ಚು ಹೊತ್ತು ಆಡುತ್ತೇವೆ. ಆ ಏರಿಕೆಯಲ್ಲಿ ಡಾರ್ಟ್‌ನ ಪಾಲೆಷ್ಟು, ನಮ್ಮ ಉತ್ಸಾಹದ ಪಾಲೆಷ್ಟು ಎಂದು ಬರೀ ಅಂಕ ನೋಡಿ ಹೇಳಲಾಗದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಎರಡು ಅಥವಾ ಮೂರು ಬೇರೆ ತೂಕದ ಸೆಟ್‌ಗಳು ಕೈಗೆ ಸಿಕ್ಕರೆ ಹೀಗೆ ಮಾಡಿ:

1. ಬೋರ್ಡ್ ಮೇಲೆ ಒಂದು ಹಾಳೆ ನ್ಯೂಸ್‌ಪೇಪರ್ ಅಂಟಿಸಿ, ನಡುವೆ ಒಂದು ಗುರುತು ಹಾಕಿ.
2. ಮೊದಲು ಹತ್ತು ನಿಮಿಷ ಬೇರೆ ಯಾವುದಾದರೂ ಡಾರ್ಟ್‌ನಲ್ಲಿ ಕೈ ಪಳಗಿಸಿಕೊಳ್ಳಿ.
3. ಒಂದು ಸೆಟ್‌ನಿಂದ 30 ಸಲ ಎಸೆಯಿರಿ. ಹಾಳೆ ಬದಲಾಯಿಸಿ, ಮುಂದಿನ ಸೆಟ್‌ನಿಂದ 30.
4. ಪ್ರತಿ ಹಾಳೆಯಲ್ಲಿ ದೂರ ಹೋದ 5 ತೂತುಗಳನ್ನು ಬಿಟ್ಟು ಉಳಿದ 25ನ್ನು ಒಳಗೊಳ್ಳುವ ಅತಿ ಚಿಕ್ಕ ವೃತ್ತ ಎಳೆದು ಅಳೆಯಿರಿ.
5. ಮರುದಿನ ಸೆಟ್‌ಗಳ ಸರದಿ ಬದಲಿಸಿ ಮತ್ತೆ ಮಾಡಿ. ಇಲ್ಲವಾದರೆ ಕೊನೆಯ ಸೆಟ್ ಯಾವಾಗಲೂ ಸೋತ ಕೈಯ ಪಾಲಾಗುತ್ತದೆ.

ವೃತ್ತ ಚಿಕ್ಕದಾಗಿದ್ದ ಸೆಟ್ ನಿಮ್ಮದು. ವೃತ್ತ ಗುರುತಿಗಿಂತ ಕೆಳಗೋ ಪಕ್ಕಕ್ಕೋ ಇದ್ದರೆ ಚಿಂತೆ ಬೇಡ. ಒಂದೇ ಕಡೆ ಬೀಳುವ ಡಾರ್ಟ್‌ಗಳನ್ನು ಗುರಿ ಬದಲಿಸಿ ಸರಿಮಾಡಬಹುದು. ಚೆಲ್ಲಾಪಿಲ್ಲಿಯಾಗುವ ಡಾರ್ಟ್‌ಗಳನ್ನು ಹಾಗೆ ಸರಿಮಾಡಲಾಗದು. ಎರಡು ದಿನವೂ ವೃತ್ತಗಳು ಹೆಚ್ಚುಕಡಿಮೆ ಒಂದೇ ಇದ್ದರೆ ಅಗ್ಗದ್ದನ್ನೇ ಇಟ್ಟುಕೊಳ್ಳಿ.

ಮಕ್ಕಳಿರುವ ಮನೆಯವರು ಇದನ್ನು ತಪ್ಪದೆ ಓದಿ

ಡಾರ್ಟ್‌ನ ಎಲ್ಲ ರಭಸವೂ ಮೊನೆಯ ಒಂದು ಬಿಂದುವಿನಲ್ಲಿ ಸೇರುತ್ತದೆ. ಬೋರ್ಡ್‌ಗೆ ನಾಟುವ ಮೊನೆ ಕಣ್ಣಿಗೂ ನಾಟುತ್ತದೆ. ಅಂಗಳದಲ್ಲಿ ಎಸೆದು ಆಡುವ ದೊಡ್ಡ ಲೋಹದ ಡಾರ್ಟ್‌ಗಳಿಂದ ಮಕ್ಕಳು ಸತ್ತ ಮೇಲೆ ಅಮೆರಿಕ 1988ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ಗೋಡೆಯ ಬೋರ್ಡ್‌ಗೆ ಎಸೆಯುವ ಡಾರ್ಟ್ ಚಿಕ್ಕದು ನಿಜ, ಆದರೆ ಕಣ್ಣಿಗೆ ಅದೂ ಸಾಕು.

- ಬೋರ್ಡನ್ನು ಬಾಗಿಲ ಮೇಲೆ, ಬಾಗಿಲ ಪಕ್ಕದಲ್ಲಿ, ಓಡಾಡುವ ದಾರಿಯಲ್ಲಿ ಹಾಕಬೇಡಿ.
- ಒಬ್ಬರು ಎಸೆಯುವಾಗ ಉಳಿದವರು ಗೆರೆಯ ಹಿಂದೆ ಇರಬೇಕು. ಮೂರೂ ಡಾರ್ಟ್ ಎಸೆದ ಮೇಲೆಯೇ ಕೀಳಲು ಹೋಗಬೇಕು.
- ಡಾರ್ಟ್ ಪುಟಿಯುವುದುಂಟು, ಹಾಗಾಗಿ ಬರಿಗಾಲಲ್ಲಿ ಆಡಬೇಡಿ.
- ಆಟ ಮುಗಿದ ಮೇಲೆ ಡಾರ್ಟ್ ಬೋರ್ಡ್‌ನಲ್ಲೇ ಬಿಡಬೇಡಿ, ಬೀಗದ ಕಪಾಟಿನಲ್ಲಿಡಿ.
- ಪುಟ್ಟ ಮಕ್ಕಳಿಗೆ ಸ್ಟೀಲ್ ಟಿಪ್ ಬೇಡವೇ ಬೇಡ. ಪ್ಲಾಸ್ಟಿಕ್ ಮೊನೆಯೂ ಕಣ್ಣಿಗೆ ಅಪಾಯವೇ. ಆಯಸ್ಕಾಂತದ ಡಾರ್ಟ್ ಕೊಡುವುದಾದರೆ ಆಯಸ್ಕಾಂತ ಕಳಚಿ ಬರುವುದಿಲ್ಲ ಎಂದು ನೋಡಿಕೊಳ್ಳಿ. ಮಕ್ಕಳು ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನೊಳಗೆ ಪರಸ್ಪರ ಸೆಳೆದು ಪ್ರಾಣಕ್ಕೇ ಕುತ್ತು ತರಬಹುದು.

ಕಣ್ಣಿಗೆ ಚುಚ್ಚಿದರೆ ಏನು ಮಾಡಬೇಕು? ಚುಚ್ಚಿಕೊಂಡಿದ್ದರೆ ಕೀಳಬೇಡಿ. ಕಣ್ಣು ಉಜ್ಜಬೇಡಿ, ನೀರಿನಿಂದ ತೊಳೆಯಬೇಡಿ, ಒತ್ತಿ ಪಟ್ಟಿ ಕಟ್ಟಬೇಡಿ, ಎದೆಹಾಲು, ಜೇನು, ಮುಲಾಮು ಯಾವುದನ್ನೂ ಹಾಕಬೇಡಿ. ಒಂದು ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ತಕ್ಷಣ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯ ಹೊರಗೆ ಸಣ್ಣದಾಗಿ ಕಂಡರೂ ಮರುದಿನಕ್ಕೆ ಮುಂದೂಡಬೇಡಿ.

ಮೊನೆ ತುಕ್ಕು ಹಿಡಿದಿಲ್ಲ, ಟಿಟಿ ಇಂಜೆಕ್ಷನ್ ಬೇಡ?

ಇದೂ ತಪ್ಪು ನಂಬಿಕೆ. ಧನುರ್ವಾಯು ತುಕ್ಕಿನಿಂದ ಬರುವುದಲ್ಲ. ಮಣ್ಣು, ಧೂಳು, ಸಗಣಿಯಲ್ಲಿರುವ ಬ್ಯಾಕ್ಟೀರಿಯಾದ ಬೀಜಕಣಗಳು ಗಾಯದೊಳಗೆ ಸೇರುವುದರಿಂದ ಬರುತ್ತದೆ. ನೆಲಕ್ಕೆ ಬಿದ್ದ ಹೊಳೆಯುವ ಮೊನೆಯಲ್ಲೂ ಅವು ಇರಬಹುದು. ಚುಚ್ಚಿದ ಗಾಯ ಕಿರಿದು, ಆದರೆ ಆಳ. ಹರಿಯುವ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆದು, ಹಿಂದಿನ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಎಂದು ವೈದ್ಯರಿಗೆ ತಿಳಿಸಿ. ಬೇಕೋ ಬೇಡವೋ ಅವರೇ ಹೇಳುತ್ತಾರೆ.

ನೆನಪಿಡಬೇಕಾದದ್ದು

- ಹೊಸಬರಿಗೆ 22ರಿಂದ 24 ಗ್ರಾಂ, ಮಧ್ಯಮ ಶಾಫ್ಟ್, ಅಗಲ ರೆಕ್ಕೆ.
- ಟಂಗ್‌ಸ್ಟನ್ ಬ್ಯಾರೆಲ್ ಅನ್ನು ತೆಳ್ಳಗಾಗಿಸುತ್ತದೆ, ಗುರಿಯನ್ನು ತಿದ್ದುವುದಿಲ್ಲ.
- ಸೈಸಲ್ ಬೋರ್ಡ್‌ಗೆ ನೀರು ಹಾಕಬೇಡಿ, ತಿರುಗಿಸಿ.
- ಅಂಕ ನೋಡಿ ಡಾರ್ಟ್ ಆರಿಸಬೇಡಿ, ತೂತುಗಳ ಗುಂಪು ನೋಡಿ ಆರಿಸಿ.
- ಒಮ್ಮೆ ಆರಿಸಿದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಅದರಲ್ಲೇ ಆಡಿ. ಕೈಗೆ ಅಭ್ಯಾಸ ಕೂರಲು ಸಮಯ ಬೇಕು.

ನಿಮ್ಮ ಗುಂಪಿನಲ್ಲಿ ಯಾರಾದರೂ ಡಾರ್ಟ್ಸ್ ಕೊಳ್ಳಲು ಹೊರಟಿದ್ದರೆ ಇದನ್ನು ಅವರಿಗೆ ಕಳುಹಿಸಿ. ಪೂರ್ತಿ ಓದುವ ವ್ಯವಧಾನ ಅವರಿಗಿಲ್ಲದಿದ್ದರೆ ಮಕ್ಕಳ ಸುರಕ್ಷತೆಯ ಭಾಗವನ್ನಾದರೂ ಓದಲು ಹೇಳಿ.